ಹಳೆ ಮದರ್‌ಬೋರ್ಡಿನಲ್ಲಿ ಸೋರಿದ ಗಡಿಯಾರದ ಬ್ಯಾಟರಿ: ತೆಗೆದು, ತೊಳೆದು, ಹೊಸದು ಹಾಕುವ ಪೂರ್ತಿ ವಿಧಾನ

286, 386, 486 ಪ್ರೊಸೆಸರುಗಳ ಕಾಲದ ಹಳೆ ಕಂಪ್ಯೂಟರ್ ಅಟ್ಟದ ಮೇಲೋ, ಅಂಗಡಿಯ ಹಿಂದಿನ ಕೋಣೆಯಲ್ಲೋ ಇದ್ದರೆ ಮೊದಲು ಮಾಡಬೇಕಾದದ್ದು ಆನ್ ಮಾಡುವುದಲ್ಲ, ಕ್ಯಾಬಿನೆಟ್ ಬಿಚ್ಚಿ ನೋಡುವುದು. ಕೀಬೋರ್ಡ್ ಸಿಕ್ಕಿಸುವ ದುಂಡು ಸಾಕೆಟ್ಟಿನ ಆಸುಪಾಸಿನಲ್ಲಿ ಹೆಬ್ಬೆರಳ ತುದಿಯಷ್ಟು ದಪ್ಪದ, ನೀಲಿ ಅಥವಾ ಹಸಿರು ಹೊದಿಕೆಯ ಪೀಪಾಯಿಯಂಥ ಒಂದು ಬ್ಯಾಟರಿ ಬೋರ್ಡಿಗೇ ಸಾಲ್ಡರ್ ಆಗಿರುತ್ತದೆ. ಮೇಲೆ 3.6 ವೋಲ್ಟ್ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 60 ಮಿಲಿಆಂಪಿಯರ್-ಅವರ್. ಇದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ, ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರವನ್ನೂ ಸೆಟಪ್ಪಿನ ನೆನಪನ್ನೂ ಉಳಿಸುವುದು ಇದೇ. ಅದರ ಕಾಲಿನ ಬುಡದಲ್ಲಿ ಬಿಳಿ ಪುಡಿ ಅಥವಾ ಹಸಿರು ಕಿಲುಬು ಕಂಡರೆ ಸೋರಿಕೆ ಆಗಲೇ ಶುರುವಾಗಿದೆ. ಏನೂ ಕಾಣದಿದ್ದರೂ ತೆಗೆದುಬಿಡಿ. ಮೂವತ್ತು ವರ್ಷ ದಾಟಿದ ಈ ಜಾತಿಯ ಬ್ಯಾಟರಿಯನ್ನು ಬೋರ್ಡಿನ ಮೇಲೆ ಉಳಿಸಿಕೊಳ್ಳಲು ಯಾವ ಕಾರಣವೂ ಇಲ್ಲ.

ಈ ರಿಪೇರಿಯಲ್ಲಿ ಹೊಸ ಬ್ಯಾಟರಿ ಹಾಕುವುದು ಅರ್ಧ ಗಂಟೆಯ ಕೆಲಸ. ಸಮಯ ತಿನ್ನುವುದು ತೊಳೆಯುವುದು ಮತ್ತು ಹಾನಿ ಹುಡುಕುವುದು. ಬೋರ್ಡು ಬದುಕುವುದೋ ಸಾಯುವುದೋ ಅಲ್ಲೇ ತೀರ್ಮಾನವಾಗುತ್ತದೆ.

ಸೋರಿದ್ದು ಏನು, ತಿನ್ನುವುದು ಏನನ್ನು

ಒಳಗಿನ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಆಮ್ಲವಲ್ಲ, ಪ್ರಬಲ ಕ್ಷಾರ. ಕಾರು, ಇನ್ವರ್ಟರ್ ಬ್ಯಾಟರಿಗಳ ಆಸಿಡ್ ನೋಡಿ ಅಭ್ಯಾಸವಾದವರು ಇಲ್ಲೂ ಅಡುಗೆ ಸೋಡಾ ಹಚ್ಚುತ್ತಾರೆ. ಕ್ಷಾರಕ್ಕೆ ಸೋಡಾ ಹಾಕಿ ಪ್ರಯೋಜನವಿಲ್ಲ, ಬೋರ್ಡಿನ ಮೇಲೆ ಇನ್ನಷ್ಟು ಉಪ್ಪು ಸುರಿದಂತಾಗುತ್ತದೆ ಅಷ್ಟೇ. ಇದಕ್ಕೆ ಬೇಕಾದ್ದು ಸೌಮ್ಯವಾದ ಆಮ್ಲ.

ಸೋರಿದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ಬಿಳಿ ಪುಡಿ ಅದು. ಇದು ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಮೈಸೂರು, ಮಂಡ್ಯದ ಮಳೆಗಾಲದಲ್ಲಿ ಪುಡಿ ಮತ್ತೆ ಒದ್ದೆಯಾಗಿ ತಾಮ್ರ ತಿನ್ನುವ ಕೆಲಸ ಮುಂದುವರಿಯುತ್ತದೆ. ಒಣಗಿದೆ, ಇನ್ನೇನೂ ಆಗದು ಎಂದು ಬಿಟ್ಟ ಬೋರ್ಡು ಮುಂದಿನ ಆಷಾಢದ ಹೊತ್ತಿಗೆ ಇನ್ನೆರಡು ಟ್ರ್ಯಾಕ್, ಅಂದರೆ ಕರೆಂಟ್ ಹರಿಯುವ ತಾಮ್ರದ ಗೆರೆ, ಕಳೆದುಕೊಂಡಿರುತ್ತದೆ. ಹಸಿರು-ನೀಲಿ ಬಣ್ಣ ತಾಮ್ರದ ಕಿಲುಬಿನದು. ಬೋರ್ಡಿನ ಹಸಿರು ಲೇಪನದ ಅಡಿಯಲ್ಲಿ ಟ್ರ್ಯಾಕ್ ಕಪ್ಪಾಗಿದ್ದರೆ ದ್ರವ ಲೇಪನದ ಒಳಗೇ ತೆವಳಿದೆ ಎಂದರ್ಥ. ಮೇಲಿಂದ ಒರೆಸಿ ಬಿಟ್ಟರೆ ಅದು ನಿಲ್ಲುವುದಿಲ್ಲ.

ಇನ್ನೊಂದು ಲಕ್ಷಣ ನೆನಪಿರಲಿ: ಕ್ಷಾರ ಋಣ ತುದಿಯ ಕಡೆಗೇ ಹೆಚ್ಚು ತೆವಳುತ್ತದೆ. ಮೈನಸ್ ಕಾಲಿನ ಸುತ್ತ, ಅಲ್ಲಿಂದ ಗ್ರೌಂಡಿಗೆ ಹೋಗುವ ಟ್ರ್ಯಾಕಿನ ಉದ್ದಕ್ಕೂ, ಹೊರಗೆಳೆದ ವೈರ್ ಇದ್ದರೆ ಅದರ ಪ್ಲಾಸ್ಟಿಕ್ ಹೊದಿಕೆಯ ಒಳಗೂ ನೋಡಿ.

ಬಿಚ್ಚುವ ಮುಂಚೆ ಬರೆದಿಟ್ಟುಕೊಳ್ಳುವುದು

ಬೋರ್ಡು ಇನ್ನೂ ಕೆಲಸ ಮಾಡುತ್ತಿದ್ದರೆ, ದಿನಾಂಕ, ಡಿಸ್ಕು ಇತ್ಯಾದಿ ಹೊಂದಿಸುವ ಸೆಟಪ್ ಪರದೆಯ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬ್ಯಾಟರಿ ತೆಗೆದ ಕೂಡಲೇ ಅದೆಲ್ಲ ಅಳಿಸಿಹೋಗುತ್ತದೆ. ಮುಖ್ಯವಾದದ್ದು ಹಾರ್ಡ್‌ಡಿಸ್ಕಿನ ಲೆಕ್ಕ: ಸಿಲಿಂಡರ್, ಹೆಡ್, ಸೆಕ್ಟರ್. ಆಗಿನ ಬೋರ್ಡುಗಳಲ್ಲಿ ಹಲವು ಡಿಸ್ಕನ್ನು ತಾವಾಗಿ ಗುರುತಿಸುವುದಿಲ್ಲ. ಟೈಪ್ 47 ಆರಿಸಿ ಮೂರೂ ಅಂಕಿ ನೀವೇ ತುಂಬಬೇಕು. ಮೂರನ್ನು ಗುಣಿಸಿ 512ರಿಂದ ಗುಣಿಸಿದರೆ ಡಿಸ್ಕಿನ ಗಾತ್ರ ಬೈಟುಗಳಲ್ಲಿ ಬರುತ್ತದೆ. ಹಳೆಯ ಬಯಾಸ್ (ಆನ್ ಮಾಡಿದಾಗ ಬೋರ್ಡನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಮ್) ಮುಟ್ಟಬಹುದಾದ ಗರಿಷ್ಠ ಮಿತಿ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಅಂದರೆ 52,84,82,304 ಬೈಟ್. ತಪ್ಪು ಅಂಕಿ ತುಂಬಿ ಬೂಟ್ ಮಾಡಿ ಡಿಸ್ಕಿಗೆ ಏನಾದರೂ ಬರೆದರೆ ಫೈಲುಗಳು ಹಾಳಾಗುತ್ತವೆ. ಹಾಗಾಗಿ ಊಹೆ ಬೇಡ. ಸೆಟಪ್ ಆಗಲೇ ಅಳಿದಿದ್ದರೆ ಡಿಸ್ಕಿನ ಮೇಲಿನ ಚೀಟಿ ನೋಡಿ.

ವೇ-ಬ್ರಿಜ್, ಸಿಎನ್‌ಸಿ ಯಂತ್ರ ಇಂಥದ್ದಕ್ಕೆ ಕಟ್ಟಿದ ಕಂಪ್ಯೂಟರ್ ಆದರೆ ಡಿಸ್ಕಿನ ಪ್ರತಿ ಮೊದಲು, ರಿಪೇರಿ ಆಮೇಲೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ಶೆಡ್ಡುಗಳಲ್ಲಿ ಇಂಥ ಯಂತ್ರ ನಿಂತರೆ ನಷ್ಟ ಬೋರ್ಡಿನದಲ್ಲ, ಒಳಗಿನ ಪ್ರೋಗ್ರಾಮಿನದು.

ಜಂಪರುಗಳು ಎಲ್ಲೆಲ್ಲಿವೆ, ಯಾವ ಕಾರ್ಡು ಯಾವ ಸ್ಲಾಟಿನಲ್ಲಿತ್ತು, ಕೇಬಲ್ಲಿನ ಕೆಂಪು ಗೆರೆ ಯಾವ ಕಡೆಗಿತ್ತು ಎನ್ನುವುದಕ್ಕೂ ಫೋಟೊ ಇರಲಿ. ಪವರ್ ಸಪ್ಲೈನ ಎರಡು ಕನೆಕ್ಟರ್ ಮತ್ತೆ ಹಾಕುವಾಗ ಎರಡರ ಕಪ್ಪು ವೈರುಗಳೂ ನಡುವೆ ಪಕ್ಕಪಕ್ಕ ಬರಬೇಕು. ಅದಲುಬದಲಾಯಿತೋ, ಬೋರ್ಡು ಸುಟ್ಟಿತು.

ಬೇಕಾಗುವ ಸಾಮಾನು

ಬಿಳಿ ವಿನೆಗರ್ ಒಂದು ಬಾಟಲಿ, ಗೋಬಿ ಮಂಚೂರಿಗೆ ಹಾಕುವುದೇ ಸಾಕು, ಶೇಕಡಾ 4ರಿಂದ 5 ಆಮ್ಲದ್ದು. ಬಣ್ಣ ಸೇರಿಸಿದ ಕಂದು ವಿನೆಗರ್ ಬೇಡ. ನಿಂಬೆರಸವೂ ನಡೆಯುತ್ತದೆ, ಆದರೆ ಬಟ್ಟೆಯಲ್ಲಿ ಸೋಸಿ ತಿರುಳು ತೆಗೆದಿರಬೇಕು. ಹಿತ್ತಾಳೆ ದೀಪ ಹೊಳೆಯಿಸುವ ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ ಹತ್ತಿರವೂ ತರಬೇಡಿ. ಅವುಗಳ ಉಪ್ಪು, ಜಿಗುಟು, ಮರಳು ಚಿಪ್ಪಿನ ಕಾಲುಗಳ ನಡುವೆ ಕೂತರೆ ಹೊರಡುವುದಿಲ್ಲ.

ಡಿಸ್ಟಿಲ್ಡ್ ವಾಟರ್ ಎರಡು ಲೀಟರ್. ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುವುದೇ ಇದು. ನಮ್ಮಲ್ಲಿ ಕಾವೇರಿ ನೀರು ಬರುತ್ತದೆ, ಮೆದು ನೀರು ಎಂದು ನಲ್ಲಿ ನೀರಲ್ಲೇ ಮುಗಿಸಬೇಡಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಒಣಗಿದಾಗ ಸುಣ್ಣದ ಕಲೆ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಶೇಕಡಾ 99ರದ್ದು ಅರ್ಧ ಲೀಟರ್. ಮೆಡಿಕಲ್ ಸ್ಟೋರಿನ ಸ್ಯಾನಿಟೈಸರ್ ಅದಕ್ಕೆ ಬದಲಿಯಲ್ಲ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ.

ಮೆತ್ತನೆ ಹಲ್ಲುಜ್ಜುವ ಬ್ರಶ್ ಎರಡು, ಕಿವಿಗೆ ಹಾಕುವ ಹತ್ತಿಕಡ್ಡಿ ಒಂದು ಡಬ್ಬಿ, ಗ್ಲಾಸ್‌ಫೈಬರ್ ಪೆನ್ ಒಂದು. ಪೆನ್ ಸಿಗದಿದ್ದರೆ 1000 ನಂಬರಿನ ಎಮರಿ ಪೇಪರನ್ನು ಸಣ್ಣ ಚೂರು ಮಾಡಿ ಬಳಸಿ. ಫೈಬರ್ ಪೆನ್ನಿನ ಎಳೆ ಚರ್ಮಕ್ಕೆ ಚುಚ್ಚಿಕೊಂಡರೆ ಎರಡು ದಿನ ಕಾಟ, ಗ್ಲೌಸ್ ಇರಲಿ. ಕನ್ನಡಕವೂ ಬೇಕು. ಕ್ಷಾರ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಧಾರಾಳ ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು. ಕೈಗೆ ತಾಗಿ ಸಾಬೂನಿನಂತೆ ಜಾರಿದರೆ ಅದು ಕ್ಷಾರ ಚರ್ಮದ ಮೇಲೆ ಕೆಲಸ ಮಾಡುತ್ತಿರುವುದು.

ಸಾಲ್ಡರಿಂಗ್‌ಗೆ: ಉಷ್ಣತೆ ಹೊಂದಿಸಬಹುದಾದ 60 ವ್ಯಾಟಿನ ಐರನ್, 63/37 ಅಥವಾ 60/40 ತವರ-ಸೀಸದ ಸಾಲ್ಡರ್ ತಂತಿ (ಅಂಗಡಿಯ ಮಾತಲ್ಲಿ ಲೆಡ್), ಫ್ಲಕ್ಸ್, ಡೀಸಾಲ್ಡರ್ ಪಂಪ್, ತಾಮ್ರದ ವಿಕ್. ಮಲ್ಟಿಮೀಟರಿನಲ್ಲಿ, ಎರಡು ಕಡ್ಡಿಗಳ ನಡುವೆ ಜೋಡಣೆಯಿದ್ದರೆ ಕೂಗುವ ಬಜರ್ ಇರಲೇಬೇಕು. ಹೊಸ ಬ್ಯಾಟರಿಗೆ ಸಿಆರ್2032 ಸೆಲ್ ಮತ್ತು ಅದರ ಹೋಲ್ಡರ್, ಇಲ್ಲವೇ ಮೂರು ಎಎಎ ಸೆಲ್ಲಿನ ಹೋಲ್ಡರ್. ಜೊತೆಗೆ 1ಎನ್4148 ಡಯೋಡ್ ಎರಡು, 1 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್ ಒಂದೊಂದು. ಎನ್‌ಐಇ, ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ ಬಿಡಿಭಾಗ ಕೊಳ್ಳುವ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಅಲ್ಲಿ ಸಿಗದ ಹಳೆ ಚಿಪ್ಪು, ಸಾಕೆಟ್ಟಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು.

ತುಂಡಾದ ಟ್ರ್ಯಾಕ್ ಜೋಡಿಸಲು ಸಣ್ಣ ತಾಮ್ರದ ವೈರು ಬೇಕು. ಫ್ಯಾನ್, ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 34 ಗೇಜಿನ ಎನಾಮಲ್ ವೈರು ಎರಡು ಮೀಟರ್ ಕೇಳಿ, ದಪ್ಪ ಸುಮಾರು 0.23 ಮಿಲಿಮೀಟರ್. ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಂಡ್ಯದಲ್ಲಿ ಪಂಪ್‌ಸೆಟ್ ಮೋಟಾರು ಮಾತ್ರ ಸುತ್ತುವ ಅಂಗಡಿಯಾದರೆ ಇಷ್ಟು ಸಣ್ಣದು ಇರಲಿಕ್ಕಿಲ್ಲ, ಫ್ಯಾನ್ ಸುತ್ತುವವರನ್ನು ಕೇಳಿ.

ಬ್ಯಾಟರಿ ತೆಗೆಯುವುದು

ಕರೆಂಟ್ ತೆಗೆದು, ಎಲ್ಲ ಕಾರ್ಡು, ಕೇಬಲ್ ಬಿಚ್ಚಿ, ಬೋರ್ಡನ್ನು ಪೂರ್ತಿ ಹೊರಗೆ ತನ್ನಿ. ಕ್ಯಾಬಿನೆಟ್ಟಿನೊಳಗೇ ಕತ್ತರಿಸಿ ಮುಗಿಸುವ ಆಸೆ ಬೇಡ, ಬೋರ್ಡಿನ ಅಡಿಭಾಗ ನೋಡದೆ ಈ ಕೆಲಸ ಆಗುವುದಿಲ್ಲ.

ಪ್ಲಸ್ ಯಾವ ಕಡೆ ಎಂದು ಬೋರ್ಡಿನ ಮೇಲೆ ಗುರುತಿದೆಯೇ ನೋಡಿ. ಕಿಲುಬಿನಲ್ಲಿ ಅಳಿಸಿದ್ದರೆ ಮಲ್ಟಿಮೀಟರ್ ಬಜರಿನಲ್ಲಿಟ್ಟು, ಒಂದು ಕಡ್ಡಿಯನ್ನು ಪವರ್ ಕನೆಕ್ಟರಿನ ನಡುವಿನ ಕಪ್ಪು ವೈರಿನ ಪಿನ್ನಿಗೆ ಹಿಡಿದು ಇನ್ನೊಂದರಿಂದ ಬ್ಯಾಟರಿ ಕಾಲುಗಳನ್ನು ಮುಟ್ಟಿ. ಕೂಗಿದ್ದು ಮೈನಸ್. ಎರಡೂ ಕೂಗದಿದ್ದರೆ ಗ್ರೌಂಡ್ ಟ್ರ್ಯಾಕೇ ತಿಂದುಹೋಗಿದೆ, ಅದನ್ನೂ ಬರೆದಿಟ್ಟುಕೊಳ್ಳಿ.

ಮೊದಲು ಬ್ಯಾಟರಿಯನ್ನು ಕಾಲಿನಿಂದ ಬೇರೆ ಮಾಡಿ, ಆಮೇಲೆ ಕಾಲುಗಳನ್ನು ಸಾಲ್ಡರಿನಿಂದ ಬಿಡಿಸಿ. ನಿಪ್ಪರಿನಿಂದ ಒಂದೊಂದೇ ಕಾಲು ಕತ್ತರಿಸಬೇಕು. ಎರಡನ್ನೂ ಒಟ್ಟಿಗೆ ಹಿಡಿದರೆ, ಒಳಗೆ ಚೂರು ಚಾರ್ಜ್ ಉಳಿದಿದ್ದರೆ ಶಾರ್ಟ್ ಆಗುತ್ತದೆ. ಬ್ಯಾಟರಿ ಹಿಡಿದು ಅಲ್ಲಾಡಿಸಿ ಕೀಳುವುದು ಎಲ್ಲಕ್ಕಿಂತ ಕೆಟ್ಟದ್ದು: ಕಿಲುಬು ಹಿಡಿದ ಪ್ಯಾಡು, ಅಂದರೆ ಕಾಲು ಕೂತ ತಾಮ್ರದ ಬಿಲ್ಲೆ, ಟ್ರ್ಯಾಕ್ ಸಮೇತ ಎದ್ದು ಬರುತ್ತದೆ.

ಉಳಿದ ಕಾಲುಗಳ ಸಾಲ್ಡರ್ ಬೂದು ಬಣ್ಣಕ್ಕೆ ತಿರುಗಿದ್ದರೆ ಐರನ್ ಇಟ್ಟರೂ ಕರಗುವುದಿಲ್ಲ, ಯಾಕೆಂದರೆ ಮೇಲ್ಪದರ ಲೋಹವಾಗಿ ಉಳಿದಿಲ್ಲ. ಶಾಖ ಏರಿಸುತ್ತ ಹೋದರೆ ಪ್ಯಾಡು ಹೋಗುತ್ತದೆ. ಮೊದಲು ಫೈಬರ್ ಪೆನ್ನಿನಿಂದ ಹೊಳಪು ಬರುವವರೆಗೆ ಕೆರೆದು, ಫ್ಲಕ್ಸ್ ಹಚ್ಚಿ, 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಸ ಲೆಡ್ ಸೇರಿಸಿ. ಹೊಸದು ಹಳೆಯದರೊಂದಿಗೆ ಬೆರೆತು ಹರಿದ ಮೇಲೆ ಕಾಲು ತಾನಾಗಿ ಸಡಿಲವಾಗುತ್ತದೆ, ಇಕ್ಕಳದಲ್ಲಿ ಮೆಲ್ಲಗೆ ಎಳೆಯಿರಿ. ಮೈನಸ್ ಕಾಲು ಒಳಪದರದ ಗ್ರೌಂಡ್ ತಾಮ್ರಕ್ಕೆ ಸೇರಿರುವುದರಿಂದ ಶಾಖವನ್ನೆಲ್ಲ ಅದು ನುಂಗುತ್ತದೆ. ಅಲ್ಲಿಗೆ ಚೂಪು ತುದಿಯ ಬದಲು ಅಗಲ ತುದಿಯ ಬಿಟ್ ಹಾಕಿ. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ಬಿಟ್ಟು ಆರಿಸಿ ಮತ್ತೆ ಇಡಿ. ರಂಧ್ರ ಕಟ್ಟಿಕೊಂಡಿದ್ದರೆ ಪಂಪ್ ಬಳಸಿ, ಸೂಜಿಯಿಂದ ಚುಚ್ಚಿ ಬಿಡಿಸಬೇಡಿ.

ತೆಗೆದ ಬ್ಯಾಟರಿಯನ್ನು ಜಿಪ್ ಕವರಿನಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕ್ಯಾಡ್ಮಿಯಂ ವಿಷ, ಕಸದ ಗಾಡಿಗೆ ಹಾಕುವ ವಸ್ತುವಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದು ಬೇರೆಯಾಗಿಯೇ ಹೋಗಬೇಕು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ತೊಳೆಯುವುದು

ಬ್ಯಾಟರಿಯ ಸುತ್ತ ಸಾಕೆಟ್ಟಿನಲ್ಲಿ ಕೂತ ಚಿಪ್ಪುಗಳಿದ್ದರೆ ಕಳಚಿ. 40 ಕಾಲಿನ ಕೀಬೋರ್ಡ್ ಕಂಟ್ರೋಲರ್ 8042 ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಒಂದೇ ಕಡೆಯಿಂದ ಎತ್ತಿದರೆ ಇನ್ನೊಂದು ಕಡೆಯ ಕಾಲು ಮಡಚುತ್ತದೆ, ಎರಡು ಕಡೆಯಿಂದಲೂ ಸ್ವಲ್ಪಸ್ವಲ್ಪವೇ ಎತ್ತಬೇಕು. ಚಿಪ್ಪಿನ ಮೇಲಿನ ಕಚ್ಚು ಯಾವ ದಿಕ್ಕಿಗಿದೆ ಎನ್ನುವುದಕ್ಕೆ ಕಳಚುವ ಮುಂಚೆಯೇ ಫೋಟೊ ತೆಗೆದಿರಿ.

ಒಣ ಪುಡಿಯನ್ನು ಮೊದಲು ಒಣ ಬ್ರಶ್ಶಿನಲ್ಲಿ, ಮಾಸ್ಕ್ ಹಾಕಿಕೊಂಡು, ಪೇಪರಿನ ಮೇಲೆ ಉದುರಿಸಿ. ಬಾಯಲ್ಲಿ ಊದಬೇಡಿ. ಆಮೇಲೆ ಹತ್ತಿಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಕಿಲುಬಿನ ಮೇಲೆ ಒತ್ತಿ. ಕಾರ್ಬೊನೇಟ್ ಇರುವಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಬ್ರಶ್ಶಿನಿಂದ ತಿಕ್ಕಿ, ಹೊಸ ಕಡ್ಡಿ ತೆಗೆದುಕೊಂಡು ಮತ್ತೆ ಒತ್ತಿ. ಒಂದು ಜಾಗಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಇಡೀ ಬೋರ್ಡನ್ನು ವಿನೆಗರಿನಲ್ಲಿ ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಹಾಗೆ ಮಾಡಿದರೆ ಆಮ್ಲ ಸ್ಲಾಟು, ಸಾಕೆಟ್ಟುಗಳ ಒಳಗೆ ನುಗ್ಗಿ, ಚೆನ್ನಾಗಿದ್ದ ತಾಮ್ರವನ್ನೂ ತಿನ್ನಲು ಶುರುಮಾಡುತ್ತದೆ. ಅಡಿಭಾಗದಲ್ಲೂ ಇದೇ ಕೆಲಸ, ಬ್ಯಾಟರಿಯ ಜಾಗದಿಂದ ಸುತ್ತ ಐದು ಸೆಂಟಿಮೀಟರ್ ವರೆಗೆ. ಮೇಲೆ ಒಂದಿಷ್ಟೂ ಕಿಲುಬು ಕಾಣದಿದ್ದರೂ ರಂಧ್ರಗಳ ಮೂಲಕ ಅಡಿಗೆ ಇಳಿದಿರಬಹುದು.

ವಿನೆಗರನ್ನು ಬೋರ್ಡಿನ ಮೇಲೆ ಉಳಿಸಬಾರದು. ಉಳಿದ ಅಸಿಟಿಕ್ ಆಮ್ಲ ತಾಮ್ರದೊಂದಿಗೆ ಸೇರಿ ಹೊಸ ಹಸಿರು ಕಿಲುಬು ಮಾಡುತ್ತದೆ, ತಿಂಗಳಾದ ಮೇಲೆ ನೋಡಿದವರು ಬ್ಯಾಟರಿಯ ಸೋರಿಕೆಯೇ ಮತ್ತೆ ಬಂತೆಂದು ತಿಳಿಯುತ್ತಾರೆ. ಆ ಜಾಗವನ್ನು ಡಿಸ್ಟಿಲ್ಡ್ ನೀರು ಸುರಿದು ಬ್ರಶ್ಶಿನಿಂದ ಮೂರು ಸಲವಾದರೂ ತೊಳೆಯಿರಿ. ಕೊನೆಗೆ ಆಲ್ಕೊಹಾಲ್ ಹಾಕಿ ತಿಕ್ಕಿದರೆ ನೀರನ್ನು ಅದು ಎಳೆದುಕೊಂಡು ಆರುತ್ತದೆ. ಆಲ್ಕೊಹಾಲ್ ಹೊತ್ತಿಕೊಳ್ಳುವ ವಸ್ತು, ಕಿಟಕಿ ತೆರೆದಿರಲಿ, ಹತ್ತಿರ ಬಿಸಿ ಐರನ್ ಇರಬಾರದು.

ಟೇಬಲ್ ಫ್ಯಾನಿನ ಮುಂದೆ ಬೋರ್ಡನ್ನು ಓರೆಯಾಗಿ ನಿಲ್ಲಿಸಿ 24 ಗಂಟೆ ಒಣಗಿಸಿ. ಮಳೆ ಹಿಡಿದ ದಿನಗಳಾದರೆ 48. ಸ್ಲಾಟುಗಳ ಸಂದು, ದೊಡ್ಡ ಚಿಪ್ಪುಗಳ ಅಡಿಯೇ ಕೊನೆಗೆ ಒಣಗುವುದು. ಉಗ್ರ ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ.

ಟ್ರ್ಯಾಕುಗಳ ಹುಡುಕಾಟ

ಒಳ್ಳೆಯ ಬೆಳಕು, ಭೂತಗನ್ನಡಿ, ಮಲ್ಟಿಮೀಟರ್ ಇಟ್ಟುಕೊಂಡು ನಿಧಾನವಾಗಿ ಕೂರಬೇಕಾದ ಹಂತ ಇದು. ಟ್ರ್ಯಾಕ್ ಬಣ್ಣ ಮೂರು ಥರ ಕಾಣುತ್ತದೆ. ಲೇಪನದ ಅಡಿಯಲ್ಲಿ ತಿಳಿ ಹಸಿರಾಗಿ ಹೊಳೆದರೆ ಚೆನ್ನಾಗಿದೆ. ಕಡು ಹಸಿರು ಅಥವಾ ಕಂದಾಗಿದ್ದರೆ ಮೇಲ್ಮೈ ತಿಂದಿದೆ, ಆದರೆ ಕರೆಂಟ್ ಹರಿಯುತ್ತಿರಬಹುದು. ಕಪ್ಪಾಗಿ ಲೇಪನ ಉಬ್ಬಿದ್ದರೆ ಅಲ್ಲಿ ತಾಮ್ರ ಉಳಿದಿರುವುದೇ ಅನುಮಾನ. ಎರಡನೆಯ, ಮೂರನೆಯ ಥರದವುಗಳ ಲೇಪನವನ್ನು ಫೈಬರ್ ಪೆನ್ನಿನಿಂದ ಕೆರೆದು ತೆಗೆಯಿರಿ, ಕಪ್ಪು ಮುಗಿದು ಹೊಳೆಯುವ ತಾಮ್ರ ಸಿಗುವವರೆಗೆ ಎರಡೂ ಕಡೆಗೆ ಹೋಗಿ. ಹೊಳೆಯುವ ತಾಮ್ರಕ್ಕೆ ಫ್ಲಕ್ಸ್ ಹಚ್ಚಿ ತೆಳ್ಳಗೆ ಲೆಡ್ ಬಳಿಯಿರಿ. ಲೆಡ್ ಹರಡದೆ ಮುದ್ದೆಯಾಗಿ ನಿಂತರೆ ಅಲ್ಲಿ ಇನ್ನೂ ಕಿಲುಬಿದೆ.

ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಹೋಗುವ ಸಣ್ಣ ತೂತುಗಳು, ವಯಾಗಳು, ಮೊದಲು ಸಾಯುತ್ತವೆ. ಒಳಗಿನ ತಾಮ್ರದ ಲೇಪ ಕೂದಲಿಗಿಂತ ತೆಳುವಾದ್ದರಿಂದ ಹೊರಗೆ ಸುಮಾರಾಗಿ ಕಂಡರೂ ಒಳಗೆ ಬಿಟ್ಟುಹೋಗಿರುತ್ತದೆ. ಎರಡೂ ಬದಿ ಕೆರೆದು, ಎನಾಮಲ್ ಸುಟ್ಟ ವೈರಿನ ಎಳೆ ತೂರಿಸಿ, ಎರಡೂ ಬದಿ ಸಾಲ್ಡರ್ ಮಾಡಿ.

ಪರೀಕ್ಷೆಗೆ ಬೋರ್ಡಿನ ನಕ್ಷೆ ಸಿಗುವುದಿಲ್ಲ. ಆದರೆ ಒಂದು ಅನುಕೂಲವಿದೆ. ಐಎಸ್‌ಎ ಸ್ಲಾಟುಗಳ, ಅಂದರೆ ಕಾರ್ಡು ಸಿಕ್ಕಿಸುವ ಉದ್ದ ಸಾಕೆಟ್ಟುಗಳ, ಪಿನ್ನುಗಳು ಎಲ್ಲಕ್ಕೂ ಸಾಮಾನ್ಯವಾದ ಒಂದೇ ಗೆರೆಸಾಲಿಗೆ (ಬಸ್) ಸೇರಿರುವುದರಿಂದ, ಬ್ಯಾಟರಿಗೆ ಹತ್ತಿರದ ಸ್ಲಾಟಿನ ಒಂದನೇ ಪಿನ್ನಿಗೂ ದೂರದ ಸ್ಲಾಟಿನ ಒಂದನೇ ಪಿನ್ನಿಗೂ ಬಜರ್ ಕೂಗಬೇಕು, ಎರಡನೆಯದಕ್ಕೆ ಎರಡನೆಯದು, ಹೀಗೇ. ಉದ್ದ ಭಾಗದಲ್ಲಿ 62, ಗಿಡ್ಡ ಭಾಗದಲ್ಲಿ 36, ಒಟ್ಟು 98 ಪಿನ್ನು. ಕೂಗದ ಪಿನ್ನೇ ತುಂಡಾದ ಟ್ರ್ಯಾಕಿನ ವಿಳಾಸ. ಬೇಸರದ ಕೆಲಸ ಹೌದು, ಆದರೆ ಸೌಂಡ್ ಕಾರ್ಡ್ ಒಂದೇ ಸ್ಲಾಟಿನಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ವಾರಗಟ್ಟಲೆ ತಲೆ ಕೆರೆದುಕೊಳ್ಳುವುದಕ್ಕಿಂತ ಇದು ವಾಸಿ.

ಕೀಬೋರ್ಡ್ ಸಾಕೆಟ್ಟಿನ ಐದು ಪಿನ್ನುಗಳಲ್ಲಿ 1 ಕ್ಲಾಕ್, 2 ಡೇಟಾ, 4 ಗ್ರೌಂಡ್, 5 ಐದು ವೋಲ್ಟ್. ಪಿನ್ನುಗಳು ಸಾಲಾಗಿ 1, 4, 2, 5, 3 ಎಂದು ಇರುತ್ತವೆ, ನಂಬರಿನ ಕ್ರಮದಲ್ಲಿ ಅಲ್ಲ. ಕ್ಲಾಕ್, ಡೇಟಾ ಗೆರೆಗಳಿಗೆ ಸೇರಿದ ಪುಟ್ಟ ಕಾಯಿಲ್, ಐದು ವೋಲ್ಟಿನ ದಾರಿಯ ಸಣ್ಣ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರುವುದು ವಾಡಿಕೆ. ಇವುಗಳ ಕಾಲು ತುಂಡಾಗಿದ್ದರೆ ಕಂಪ್ಯೂಟರ್ ಆನ್ ಆಗುತ್ತದೆ, ಕೀಬೋರ್ಡ್ ಮಾತ್ರ ಸತ್ತಂತಿರುತ್ತದೆ. ಕಪ್ಪಾದ ಚಿಪ್ ಸಾಕೆಟ್ಟನ್ನು ತಿಕ್ಕಿ ಉಳಿಸಲು ಹೋಗಬೇಡಿ, ಬದಲಿಸಿ. ಒಳಗಿನ ಸ್ಪ್ರಿಂಗಿಗೆ ಬ್ರಶ್ ತಲುಪುವುದಿಲ್ಲ.

ಕೆರೆದ ಜಾಗವನ್ನೆಲ್ಲ ಕೊನೆಯಲ್ಲಿ ಯುವಿ ಸಾಲ್ಡರ್ ಮಾಸ್ಕಿನಿಂದ ಮುಚ್ಚಿ. ಇಲ್ಲದಿದ್ದರೆ ಬಣ್ಣವಿಲ್ಲದ ಉಗುರು ಬಣ್ಣದ ತೆಳು ಲೇಪವೂ ಆದೀತು. ಆದರೆ ಎಲ್ಲ ಪರೀಕ್ಷೆ ಮುಗಿದ ಮೇಲೆ.

ಹೊಸದಾಗಿ ಯಾವುದನ್ನು ಹಾಕಬೇಕು

ಅದೇ ಆಕಾರದ ಹೊಸ 3.6 ವೋಲ್ಟ್ ಬ್ಯಾಟರಿ, ನಿಕಲ್-ಮೆಟಲ್ ಹೈಡ್ರೈಡ್ ಆದರೂ, ಬೇಡ. ಅದರ ಒಳಗೂ ಅದೇ ಕ್ಷಾರ. ಲೀಥಿಯಂ ರೀಚಾರ್ಜಬಲ್ ನಾಣ್ಯ ಸೆಲ್ ಎಲ್‌ಐಆರ್2032 ಇನ್ನೂ ಅಪಾಯ: ಅದಕ್ಕೆ ವೋಲ್ಟೇಜನ್ನು ಕರಾರುವಾಕ್ಕಾಗಿ ನಿಲ್ಲಿಸುವ ಚಾರ್ಜರ್ ಬೇಕು, ಬೋರ್ಡಿನಲ್ಲಿರುವುದು ಬರೀ ಒಂದು ರೆಸಿಸ್ಟರ್, ಒಂದು ಡಯೋಡ್.

5.5 ವೋಲ್ಟಿನ ಒಂದು ಫ್ಯಾರಡ್ ಸೂಪರ್ ಕೆಪಾಸಿಟರ್ ಹಾಕುವವರೂ ಇದ್ದಾರೆ. ಚಾರ್ಜ್ ದಾರಿಯನ್ನು ಹಾಗೇ ಬಳಸಬಹುದು, ಸೋರಿಕೆಯ ಭಯ ಕಡಿಮೆ. ಆದರೆ 10 ಮೈಕ್ರೋಆಂಪಿಯರ್ ಎಳೆಯುವ ಬೋರ್ಡಿನಲ್ಲಿ 4.3ರಿಂದ 2.7 ವೋಲ್ಟಿಗೆ ಇಳಿಯಲು ಲೆಕ್ಕದ ಪ್ರಕಾರ ಸುಮಾರು 44 ಗಂಟೆ. ದಿನವೂ ಆನ್ ಮಾಡುವ ಯಂತ್ರಕ್ಕೆ ಸರಿ, ಶನಿವಾರ ಭಾನುವಾರ ಮುಚ್ಚಿದರೆ ಸೋಮವಾರ ಸೆಟಪ್ ಖಾಲಿ.

ಉಳಿದದ್ದು ಎರಡು. ಸಿಆರ್2032, 3 ವೋಲ್ಟ್, ಸುಮಾರು 220 ಮಿಲಿಆಂಪಿಯರ್-ಅವರ್. ಅಥವಾ ಮೂರು ಎಎಎ, ಒಟ್ಟು 4.5 ವೋಲ್ಟ್. ಗಡಿಯಾರದ ಚಿಪ್ಪು ಮೊಟೊರೊಲಾ 146818 ಅಥವಾ ಅದೇ ತಲೆಮಾರಿನದಾದರೆ ಅದು 3 ವೋಲ್ಟಿಗಿಂತ ಕೆಳಗೆ ಭರವಸೆಯಿಂದ ಓಡುವುದಿಲ್ಲ. ಡಯೋಡ್ ಕಳೆದು 2.6 ಉಳಿಯುವ ನಾಣ್ಯ ಸೆಲ್ ಅಲ್ಲಿ ಕೈಕೊಡುತ್ತದೆ. 286 ಬೋರ್ಡುಗಳಿಗೆ ಕಣ್ಣುಮುಚ್ಚಿ ಎಎಎ ಹಾಕಿ. 486 ಬೋರ್ಡುಗಳು ಬಹುತೇಕ ನಾಣ್ಯ ಸೆಲ್ಲಿನಲ್ಲಿ ನಿಭಾಯಿಸುತ್ತವೆ.

ಯಾವುದೇ ಆಗಲಿ, ಬೋರ್ಡಿನ ಮೇಲೆ ಕೂರಿಸಬೇಡಿ. 20 ಸೆಂಟಿಮೀಟರ್ ಕೆಂಪು, ಕಪ್ಪು ವೈರಿನಲ್ಲಿ ಎಳೆದು ಹೋಲ್ಡರನ್ನು ಕ್ಯಾಬಿನೆಟ್ಟಿನ ಪಕ್ಕದ ತಗಡಿಗೆ, ಬೋರ್ಡಿಗಿಂತ ತಗ್ಗಿನಲ್ಲಿ ಅಂಟಿಸಿ. ಎಎಎ ಅಲ್ಕಲೈನ್ ಸೆಲ್ಲೂ ಒಂದು ದಿನ ಸೋರುತ್ತದೆ, ಆಗ ಹಾಳಾಗುವುದು ಹೋಲ್ಡರ್ ಮಾತ್ರ ಆಗಿರಲಿ.

ಬಹುತೇಕ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್ನಿನ ಜಾಗ ಇರುತ್ತದೆ. ಸಾಮಾನ್ಯವಾಗಿ 1 ಪ್ಲಸ್, 4 ಗ್ರೌಂಡ್. 4ನೇ ಪಿನ್ ಕಪ್ಪು ವೈರಿನ ಜೊತೆ ಕೂಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಪಕ್ಕದಲ್ಲಿ ಒಳಗಿನದು, ಹೊರಗಿನದು ಎಂದು ಬದಲಿಸುವ ಜಂಪರ್ ಇರಬಹುದು.

ಡಯೋಡ್ ಯಾಕೆ, ಯಾವುದು

ಹಳೆಯ ಬ್ಯಾಟರಿಗೆ ಬೋರ್ಡು ಚಾರ್ಜ್ ಕೊಡುತ್ತಿತ್ತು. ಅದೇ ಜಾಗಕ್ಕೆ ಚಾರ್ಜ್ ಮಾಡಬಾರದ ಲೀಥಿಯಂ ಸೆಲ್ ನೇರ ಜೋಡಿಸಿದರೆ ಅದು ಉಬ್ಬುತ್ತದೆ, ಒಡೆಯಲೂಬಹುದು. ತಡೆಯಲು ಸೆಲ್ಲಿನ ಪ್ಲಸ್ ದಾರಿಯಲ್ಲಿ ಡಯೋಡ್ ಹಾಕಬೇಕು, ಗೆರೆಯಿರುವ ತುದಿ ಬೋರ್ಡಿನ ಕಡೆಗೆ.

ವೋಲ್ಟೇಜ್ ಕಡಿಮೆ ನಷ್ಟವಾಗಲಿ ಎಂದು 1ಎನ್5817 ಶಾಟ್ಕಿ ಡಯೋಡ್ ಹಾಕುವುದು ಸಾಮಾನ್ಯ ತಪ್ಪು. ಅದರಲ್ಲಿ ಹಿಮ್ಮುಖವಾಗಿ ಸೋರುವ ಕರೆಂಟ್ ಹೆಚ್ಚು, ಕ್ಯಾಬಿನೆಟ್ ಬಿಸಿಯಾದಾಗ ಇನ್ನೂ ಹೆಚ್ಚು. ತಡೆಯಬೇಕಾದ ಚಾರ್ಜೇ ಮೆಲ್ಲಗೆ ನುಸುಳುತ್ತದೆ. 1ಎನ್4148ರಲ್ಲಿ 0.7 ವೋಲ್ಟ್ ಹೋಗುತ್ತದೆ ಎಂದು ಪಾಠದಲ್ಲಿ ಓದಿರುತ್ತೀರಿ, ಆದರೆ ಅದು ಮಿಲಿಆಂಪಿಯರುಗಳ ಲೆಕ್ಕ. ಇಲ್ಲಿ ಹರಿಯುವುದು ಮೈಕ್ರೋಆಂಪಿಯರು, ನಷ್ಟ 0.4 ವೋಲ್ಟಿನ ಆಸುಪಾಸು. ಅದಷ್ಟೂ ಬೇಡವೆಂದರೆ ಬಿಎಟಿ85 ನೋಡಿ.

ಹೊರಗಿನ ನಾಲ್ಕು ಪಿನ್ನಿನ ದಾರಿಯಲ್ಲಿ ಬೋರ್ಡಿನವರೇ ಡಯೋಡ್ ಇಟ್ಟಿರುತ್ತಾರೆ, ಆದರೂ ನಂಬುವ ಮುಂಚೆ ಅಳೆಯಿರಿ. ಬ್ಯಾಟರಿ ಇಲ್ಲದೆ ಪ್ಲಸ್, ಗ್ರೌಂಡ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಸಿಕ್ಕಿಸಿ, ಕಂಪ್ಯೂಟರ್ ಆನ್ ಮಾಡಿ ಅದರ ಮೇಲೆ ವೋಲ್ಟೇಜ್ ನೋಡಿ. ಸೊನ್ನೆಯ ಹತ್ತಿರ ಇದ್ದರೆ ದಾರಿ ಮುಚ್ಚಿದೆ. ಮೂರು, ನಾಲ್ಕು ವೋಲ್ಟ್ ಬಂದರೆ ಚಾರ್ಜ್ ಬರುತ್ತಿದೆ, ಡಯೋಡ್ ಬೇಕೇಬೇಕು. ರೆಸಿಸ್ಟರ್ ಇಲ್ಲದೆ ಅಳೆದರೆ ಡಯೋಡಿನ ಸಣ್ಣ ಸೋರಿಕೆಯನ್ನೂ ಮೀಟರ್ ವೋಲ್ಟಾಗಿ ತೋರಿಸಿ ದಾರಿ ತಪ್ಪಿಸುತ್ತದೆ.

ಮೊದಲ ಸಲ ಆನ್

ಆನ್ ಮಾಡುವ ಮುಂಚೆ ಪವರ್ ಕನೆಕ್ಟರಿನ ಕೆಂಪು, ಕಪ್ಪು ಪಿನ್ನುಗಳ ನಡುವೆ ಓಮ್ ಅಳೆಯಿರಿ. ಒಂದೆರಡು ಓಮ್ ತೋರಿಸಿದರೆ ಎಲ್ಲೋ ಶಾರ್ಟ್ ಇದೆ, ಆನ್ ಮಾಡಬೇಡಿ. ರ‍್ಯಾಮ್, ವಿಡಿಯೊ ಕಾರ್ಡ್, ಕೀಬೋರ್ಡ್, ಸ್ಪೀಕರ್ ಇಷ್ಟೇ ಸಿಕ್ಕಿಸಿ. ಹಾರ್ಡ್‌ಡಿಸ್ಕ್ ಈಗ ಬೇಡ.

ಸಿಎಂಒಎಸ್ ಚೆಕ್‌ಸಮ್ ಎರರ್ ಬರುವುದು ಸಹಜ, ಸೆಟಪ್ ಇಡುವ ಸಿಎಂಒಎಸ್ ನೆನಪು ಅಳಿದಿದೆ. ಎಎಂಐ ಕಂಪನಿಯ ಬಯಾಸ್ ಇದ್ದು ಆರು ಬೀಪ್ ಬಂದರೆ ಕೀಬೋರ್ಡ್ ಕಂಟ್ರೋಲರಿನ ದಾರಿ, ಹತ್ತು ಬೀಪ್ ಬಂದರೆ ಸಿಎಂಒಎಸ್ ರಿಜಿಸ್ಟರಿನ ದಾರಿ. ಎರಡೂ ಬ್ಯಾಟರಿ ಸೋರಿದ ಬೋರ್ಡಿನ ಕಾಯಂ ಕಾಯಿಲೆ, 8042 ಮತ್ತು ಗಡಿಯಾರದ ಚಿಪ್ಪಿನ ಸುತ್ತಲ ಟ್ರ್ಯಾಕುಗಳಿಗೆ ವಾಪಸ್ ಹೋಗಿ. ಮೂರು ಬೀಪ್ ಬಂದರೆ ಮೊದಲ 64 ಕಿಲೋಬೈಟ್ ನೆನಪಿನದು, ರ‍್ಯಾಮ್ ಕಾಲು ಒರೆಸಿ ಮತ್ತೆ ಕೂರಿಸಿ. ಏನೂ ಬೀಪಿಲ್ಲ, ಪರದೆಯಿಲ್ಲ ಎಂದರೆ ಹತ್ತಿರದ ಸ್ಲಾಟಿನ 98 ಪಿನ್ನಿನ ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟಿದ್ದಿರಾ ನೋಡಿಕೊಳ್ಳಿ.

ಕರೆಂಟ್ ಎಳೆತ ಮತ್ತು ಗಡಿಯಾರದ ಪರೀಕ್ಷೆ

ಸೆಲ್ಲಿನ ಪ್ಲಸ್ ದಾರಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಅದರ ಎರಡು ತುದಿಯ ನಡುವೆ ಮಿಲಿವೋಲ್ಟ್ ಅಳೆಯಿರಿ, ಮೀಟರಿನ ಕೆಂಪು ಕಡ್ಡಿ ಸೆಲ್ಲಿನ ಕಡೆ. ಒಂದು ಮಿಲಿವೋಲ್ಟ್ ಎಂದರೆ ಒಂದು ಮೈಕ್ರೋಆಂಪಿಯರ್. ಕಂಪ್ಯೂಟರ್ ಆಫ್ ಇದ್ದಾಗ 10 ಬಂದರೆ ಸಿಆರ್2032 ಲೆಕ್ಕದ ಪ್ರಕಾರ 22,000 ಗಂಟೆ, ಎರಡೂವರೆ ವರ್ಷ. 40 ಬಂದರೆ ಏಳೂವರೆ ತಿಂಗಳು, ಅಂಥ ಬೋರ್ಡಿಗೆ ಎಎಎ ಹಾಕುವುದು ಬುದ್ಧಿವಂತಿಕೆ. 100 ದಾಟಿದರೆ ಎಲ್ಲೋ ಕ್ಷಾರದ ಉಳಿಕೆ ಕರೆಂಟ್ ಹರಿಸುತ್ತಿದೆ, ಮತ್ತೆ ತೊಳೆಯಿರಿ. ಈಗ ಆನ್ ಮಾಡಿ: ಸೊನ್ನೆಗೆ ಬರಬೇಕು. ಮೈನಸ್ ತೋರಿಸಿದರೆ ಸೆಲ್ ಚಾರ್ಜ್ ಆಗುತ್ತಿದೆ, ತಕ್ಷಣ ಆಫ್ ಮಾಡಿ ಡಯೋಡ್ ನೋಡಿ. ಪರೀಕ್ಷೆ ಮುಗಿದ ಮೇಲೆ ರೆಸಿಸ್ಟರನ್ನು ಹಾಗೇ ಬಿಟ್ಟರೂ ತೊಂದರೆಯಿಲ್ಲ.

ಸೆಟಪ್ಪಿನಲ್ಲಿ ದಿನಾಂಕ, ಸಮಯ, ಡಿಸ್ಕಿನ ಅಂಕಿ ತುಂಬಿ, ಒಂದು ರಾತ್ರಿ ಪ್ಲಗ್ ಕಿತ್ತು ಬಿಡಿ. ಬೆಳಿಗ್ಗೆ ಸಮಯ ಸರಿಯಿದ್ದರೆ ಗಡಿಯಾರ ಓಡಿದೆ. ಸೆಟಪ್ ಉಳಿದು ಸಮಯ ಮಾತ್ರ ನಿಂತಿದ್ದರೆ ಬ್ಯಾಟರಿ ಸರಿಯಾಗಿದೆ, 32.768 ಕಿಲೋಹರ್ಟ್ಸ್ ಸ್ಫಟಿಕದ ಕಾಲು ಅಥವಾ ಅದರ ಪಕ್ಕದ ಕೆಪಾಸಿಟರ್ ಹೋಗಿದೆ. ಸ್ಫಟಿಕದ ಕಾಲುಗಳ ನಡುವೆ ಉಳಿದ ಚೂರು ಕ್ಷಾರವೂ ಅದನ್ನು ನಿಲ್ಲಿಸಬಲ್ಲದು. ತಿಂಗಳಿಗೆ ಒಂದು ನಿಮಿಷದ ಹೆಚ್ಚುಕಡಿಮೆ ಆ ಸ್ಫಟಿಕದ ಸಹಜ ಗುಣ. ಅದನ್ನು ಅಳೆಯುವಾಗ ಡಾಸ್‌ನ ಟೈಮ್ ಕಮಾಂಡನ್ನು ಗಂಟೆಗಟ್ಟಲೆ ನೋಡುತ್ತ ಕೂರಬೇಡಿ. ಡಾಸ್ ಬೂಟ್ ಆಗುವಾಗ ಒಮ್ಮೆ ಈ ಗಡಿಯಾರ ಓದಿ, ಆಮೇಲೆ ಸೆಕೆಂಡಿಗೆ 18.2 ಬಾರಿ ಬಡಿಯುವ ಬೇರೆ ಟೈಮರಿನ ಮೇಲೆ ಎಣಿಸುತ್ತದೆ. ಪ್ರತಿ ಸಲವೂ ಆಫ್ ಮಾಡಿ ಆನ್ ಮಾಡಿಯೇ ಹೋಲಿಸಬೇಕು.

ಪೀಪಾಯಿಯ ಬದಲು ಗಡಿಯಾರದ ಚಿತ್ರವಿರುವ ದಪ್ಪ ಕಪ್ಪು ಚಿಪ್ಪು, ಡಲ್ಲಾಸ್ ಡಿಎಸ್1287 ಅಥವಾ ಡಿಎಸ್12887, ಇದ್ದರೆ ಮೇಲಿನ ತೊಳೆಯುವ ಕಥೆಯೆಲ್ಲ ಬೇಡ. ಲೀಥಿಯಂ ಸೆಲ್ ಅದರ ಒಳಗೇ ಎಪಾಕ್ಸಿಯಲ್ಲಿ ಹೂತಿದೆ, ಬೋರ್ಡಿಗೆ ಸೋರುವುದಿಲ್ಲ, ಬರಿದಾಗುತ್ತದೆ ಅಷ್ಟೇ. ಪಕ್ಕದಿಂದ ಕೆರೆದು 16ನೇ ಕಾಲಿನ ಮೇಲೆ ಮೈನಸ್, 20ನೇ ಕಾಲಿನ ಮೇಲೆ ಪ್ಲಸ್ ಹುಡುಕಿ, ಒಳಗಿನ ಸೆಲ್ಲಿನ ಸಂಪರ್ಕ ಕತ್ತರಿಸಿ, ಹೊರಗಿನ ಸಿಆರ್2032 ಜೋಡಿಸುವ ವಿಧಾನ ಪ್ರಚಲಿತ. ಕೈ ಸ್ಥಿರವಿಲ್ಲದವರು ಡಿಎಸ್12885 ಚಿಪ್ಪು, ಸ್ಫಟಿಕ, ಸೆಲ್ ಹೋಲ್ಡರ್ ಸೇರಿಸಿ ಮಾಡಿದ ಬದಲಿ ಹಲಗೆ ತರಿಸುವುದು ಒಳ್ಳೆಯದು.

ಕ್ಯಾಬಿನೆಟ್ ಮುಚ್ಚುವ ಮುಂಚೆ ಒಂದು ಚೀಟಿಯಲ್ಲಿ ಡಿಸ್ಕಿನ ಮೂರು ಅಂಕಿ, ಸೆಲ್ ಹಾಕಿದ ತಿಂಗಳು-ವರ್ಷ, ಬದಲಿಸಿದ ಜಂಪರ್ ಬರೆದು ಒಳತಗಡಿಗೆ ಅಂಟಿಸಿ. ಆಯುಧಪೂಜೆಗೆ ಹೇಗೂ ಯಂತ್ರ ಹೊರಗೆ ಬಂದು ಧೂಳು ಹೊಡೆಸಿಕೊಳ್ಳುತ್ತದೆ. ಆಗ ಸೆಲ್ಲಿನ ವೋಲ್ಟೇಜ್ ನೋಡಿ, ನಾಣ್ಯ ಸೆಲ್ 2.8ಕ್ಕೆ, ಮೂರು ಎಎಎ ಸೇರಿ 3.6ಕ್ಕೆ ಇಳಿದಿದ್ದರೆ ಬದಲಿಸಿ. ಕಂಪ್ಯೂಟರ್ ಆನ್ ಇರುವಾಗಲೇ ಸೆಲ್ ಬದಲಿಸಿದರೆ ಸೆಟಪ್ ಉಳಿಯುತ್ತದೆ, ಆದರೆ ಕೈಯಲ್ಲಿ ಲೋಹದ ಇಕ್ಕಳ ಇರಬಾರದು. ಕುಂಕುಮ, ಅರಿಶಿನ ಕ್ಯಾಬಿನೆಟ್ಟಿನ ಹೊರಗೆ ಇಡಿ, ಬೋರ್ಡಿಗೆ ಬೇಡ.